ಕೈ ತೆಗೆದರೂ ನಿಲ್ಲದ ಸೆಲ್ಫ್ ಸ್ಟಾರ್ಟರ್

(ಅಕ್ಕಿಆಲೂರಿನಲ್ಲಿ ರೈತರ ಮುಂದೆ ಮಾಡಿದ ಭಾಷಣದ ಬರಹರೂಪ)

ಬೀಜ, ಗೊಬ್ಬರ, ಕೀಟ, ರೋಗ ಇವುಗಳ ವಿಷಯವಾಗಿ ನಾವೂ ನೀವೂ ಸೇರಿದಾಗಲೆಲ್ಲ ಮಾತಾಡುವುದು ಇದ್ದೇ ಇದೆ. ಇವತ್ತು ಬೆಳೆಯ ಮಾತು ಬದಿಗಿಟ್ಟು, ನಿಮ್ಮನ್ನು ದಿನಾಲು ಹೊಲಕ್ಕೆ ಒಯ್ಯುವ ಮೋಟಾರ್ ಸೈಕಲ್ಲಿನ ಒಂದು ದೋಷದ ಬಗ್ಗೆ ಹೇಳಬೇಕೆಂದಿದ್ದೇನೆ. ಗುಂಡಿ ಒತ್ತಿದಿರಿ, ಎಂಜಿನ್ ಚಾಲೂ ಆಯಿತು, ಕೈ ತೆಗೆದಿರಿ. ಆದರೆ ಸ್ಟಾರ್ಟರ್ ತಿರುಗುತ್ತಲೇ ಇದೆ. ಕೀಲಿ ಬಂದ್ ಮಾಡಿದರೆ ಎಂಜಿನ್ ನಿಲ್ಲುತ್ತದೆ, ಸ್ಟಾರ್ಟರ್ ನಿಲ್ಲುವುದಿಲ್ಲ. ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರೂ ಗಾಡಿ ಗರ್ ಗರ್ ಎನ್ನುತ್ತಲೇ ಇರುತ್ತದೆ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು, ಹೀಗೇಕೆ ಆಗುತ್ತದೆ, ಮತ್ತೆ ಆಗದಂತೆ ಯಾವ ಎಚ್ಚರಿಕೆ ವಹಿಸಬೇಕು ಎಂಬ ಮೂರು ಸಂಗತಿಗಳನ್ನು ತಿಳಿಸುತ್ತೇನೆ.

ಇದನ್ನು ಸಣ್ಣ ಸಂಗತಿಯೆಂದು ತಿಳಿಯಬಾರದು. ನಿಲ್ಲದೆ ತಿರುಗುವ ಸ್ಟಾರ್ಟರ್ ಕೆಲವೇ ನಿಮಿಷಗಳಲ್ಲಿ ಕಾದು ಸುಡುತ್ತದೆ. ದಪ್ಪ ತಂತಿಯ ಮೇಲಿನ ಹೊದಿಕೆ ಕರಗುತ್ತದೆ. ಪೆಟ್ರೋಲ್ ಟ್ಯಾಂಕು ಅಲ್ಲೇ ಒಂದು ಗೇಣಿನ ಅಂತರದಲ್ಲಿ ಇರುತ್ತದೆ. ನಮ್ಮ ಊರುಗಳಲ್ಲಿ ಗಾಡಿ ನಿಲ್ಲಿಸುವುದು ಎಲ್ಲಿ? ದನದ ಕೊಟ್ಟಿಗೆಯ ಬಾಗಿಲಲ್ಲಿ, ಹುಲ್ಲಿನ ಬಣವೆಯ ಮಗ್ಗುಲಲ್ಲಿ, ಗೋವಿನಜೋಳದ ರಾಶಿಯ ಪಕ್ಕದಲ್ಲಿ. ಆದಕಾರಣ ಈ ದೋಷವನ್ನು ಮಿಸ್ತ್ರಿಗೆ ಮಾತ್ರ ಬಿಟ್ಟುಕೊಡದೆ ಗಾಡಿ ಇಟ್ಟುಕೊಂಡ ಪ್ರತಿಯೊಬ್ಬರೂ ತಿಳಿದಿರುವುದು ಒಳ್ಳೆಯದು.

ಆ ಹೊತ್ತಿನಲ್ಲಿ ಮಾಡಬೇಕಾದದ್ದು

ಮೊದಲು ಕೀಲಿಯನ್ನು ಬಂದ್ ಮಾಡಿ. ಗೇರಿನಲ್ಲಿದ್ದರೆ ಕ್ಲಚ್ ಹಿಡಿದು ನ್ಯೂಟ್ರಲ್‌ಗೆ ತನ್ನಿ. ಗೇರಿನಲ್ಲಿರುವ ಗಾಡಿಯನ್ನು ಸ್ಟಾರ್ಟರ್ ಒಂದೇ ಮುಂದಕ್ಕೆ ನೂಕಬಲ್ಲದು ಎಂಬುದನ್ನು ಮರೆಯಬೇಡಿ. ಗಾಡಿಯನ್ನು ಹುಲ್ಲು, ಹತ್ತಿ, ಒಣ ಕಸ ಇವುಗಳಿಂದ ದೂರ ಬಯಲಿಗೆ ತಳ್ಳಿ ನಡುಗಾಲಿನ ಮೇಲೆ ನಿಲ್ಲಿಸಿ.

ಎರಡನೆಯದಾಗಿ, ಗುಂಡಿಯನ್ನು ಒಂದೆರಡು ಸಲ ಒತ್ತಿ ಬಿಡಿ. ಮಣ್ಣು ತುಂಬಿ ಒಳಗೇ ಕಚ್ಚಿಕೊಂಡ ಗುಂಡಿಯಾಗಿದ್ದರೆ ಹೊರಗೆ ಬರುತ್ತದೆ, ಸದ್ದು ನಿಲ್ಲುತ್ತದೆ.

ಇದರಿಂದಲೂ ನಿಲ್ಲದಿದ್ದರೆ ತಡಮಾಡದೆ ಬ್ಯಾಟರಿಯ ಮೈನಸ್ ತುದಿಯ ತಂತಿಯನ್ನು ಬಿಚ್ಚಿ. ಸಾಮಾನ್ಯವಾಗಿ ಇದು ಕಪ್ಪು ಅಥವಾ ಹಸಿರು ಬಣ್ಣದ್ದಾಗಿದ್ದು ಗಾಡಿಯ ಚೌಕಟ್ಟಿಗೆ ಹೋಗಿ ಸೇರುತ್ತದೆ. ಬ್ಯಾಟರಿಯ ಮೇಲಿನ ಗುರುತನ್ನು ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಬಿಚ್ಚುವಾಗ ಕಿಡಿ ಹಾರುವುದುಂಟು. ಮುಖವನ್ನು ಆಚೆ ಇಟ್ಟು ಒಂದೇ ಸಲಕ್ಕೆ ಎಳೆದು ದೂರ ಸರಿಸಬೇಕು. ಮುಟ್ಟಿಸಿ ಬಿಡಿಸಿ ಆಟ ಆಡಬಾರದು. ಕೆಂಪು ತಂತಿಗೆ ಮೊದಲು ಕೈ ಹಾಕಬೇಡಿ. ಆ ತುದಿಗೆ ಹಿಡಿದ ಸ್ಪಾನರ್ ಗಾಡಿಯ ಚೌಕಟ್ಟಿಗೆ ತಾಗಿದರೆ ಇನ್ನೂ ದೊಡ್ಡ ಕಿಡಿ ಏಳುತ್ತದೆ. ಪಕ್ಕಡಿನಿಂದ ತಂತಿ ಕತ್ತರಿಸುವುದಂತೂ ಕೂಡದು. ಗೇರಿಗೆ ಹಾಕಿ ಬ್ರೇಕ್ ಒತ್ತಿ ಮೋಟಾರನ್ನು ತಡೆದು ನಿಲ್ಲಿಸುವ ಸಾಹಸವೂ ಬೇಡ. ತಿರುಗದೆ ನಿಂತ ಮೋಟಾರು ತಿರುಗುವ ಮೋಟಾರಿಗಿಂತ ಬಹಳ ಹೆಚ್ಚು ಕರೆಂಟನ್ನು ಎಳೆಯುತ್ತದೆ.

ಹೊಗೆ ಕಂಡು ಬೆಂಕಿ ಹತ್ತಿದ್ದರೆ ಜನರನ್ನು ದೂರ ಸರಿಸಿ, ಒಣ ಮಣ್ಣು ಅಥವಾ ಮರಳು ಎರಚಿ. ಪೆಟ್ರೋಲಿನ ಬೆಂಕಿಗೆ ನೀರು ಸುರಿಯಬಾರದು.

ಇಷ್ಟೆಲ್ಲ ಆಗಬೇಕಾದರೆ ನಿಮ್ಮ ಗಾಡಿಯ ಬ್ಯಾಟರಿ ಎಲ್ಲಿದೆ, ಅದರ ಮುಚ್ಚಳ ಹೇಗೆ ತೆಗೆಯುವುದು, ತಿರುಪಿಗೆ ಯಾವ ಸ್ಪಾನರ್ ಹೊಂದುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಇವತ್ತು ಮನೆಗೆ ಹೋದ ಕೂಡಲೇ ಒಮ್ಮೆ ಬಿಚ್ಚಿ ನೋಡಿ. ಆ ಸ್ಪಾನರನ್ನು ಸೀಟಿನ ಕೆಳಗೆ ಇಟ್ಟುಬಿಡಿ.

ಗುಂಡಿಯ ಹಿಂದೆ ಏನಿದೆ?

ಹಿಂದೆ ಗಾಡಿಗಳಿಗೆ ಒದೆಯುವ ಕಡ್ಡಿಯೇ ಗತಿಯಾಗಿತ್ತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಗಾಡಿಗಳನ್ನು ಒದ್ದು ಒದ್ದು ಚಾಲೂ ಮಾಡಿದ ಹಿರಿಯರು ಇಲ್ಲಿಯೂ ಇರಬಹುದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಮ್ಮ ದೇಶದಲ್ಲಿ 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರಿನಿಂದ ಗುಂಡಿ ಒತ್ತುವ ರೂಢಿ ಬೆಳೆಯಿತು. ಈಗ ಒದೆಯುವ ಕಡ್ಡಿಯೇ ಇಲ್ಲದ ಗಾಡಿಗಳು ಬಹಳ ಬಂದಿವೆ.

ಈ ಗುಂಡಿಯ ಕೆಲಸವನ್ನು ತಿಳಿಯಲು ನೀವು ದೂರ ಹೋಗಬೇಕಾಗಿಲ್ಲ. ನಿಮ್ಮ ಬೋರಿನ ಪಂಪ್‌ಸೆಟ್ಟಿಗೆ ಸ್ಟಾರ್ಟರ್ ಪೆಟ್ಟಿಗೆ ಇದೆಯಲ್ಲ, ಅದನ್ನು ನೆನಪಿಗೆ ತಂದುಕೊಳ್ಳಿ. ಹಸಿರು ಗುಂಡಿ ಒತ್ತಿದಾಗ ಮೋಟಾರಿನ ಪೂರ್ತಿ ಕರೆಂಟು ಆ ಗುಂಡಿಯ ಮೂಲಕ ಹರಿಯುವುದಿಲ್ಲ. ಗುಂಡಿಯ ಅಲ್ಪ ಕರೆಂಟು ಒಳಗಿನ ಸುರುಳಿಗೆ ಹೋಗುತ್ತದೆ. ಸುರುಳಿ ಅಯಸ್ಕಾಂತವಾಗಿ ತಾಮ್ರದ ತುಂಡುಗಳನ್ನು ಎಳೆದು ಕೂಡಿಸುತ್ತದೆ. ದೊಡ್ಡ ಕರೆಂಟು ಆ ತುಂಡುಗಳ ಮೂಲಕ ಮೋಟಾರಿಗೆ ಹೋಗುತ್ತದೆ.

ಮೋಟಾರ್ ಸೈಕಲ್ಲಿನಲ್ಲಿಯೂ ಇದೇ ಏರ್ಪಾಡು. ಹಿಡಿಕೆಯ ಮೇಲಿನ ಗುಂಡಿಯಲ್ಲಿ ಹರಿಯುವುದು ಕೆಲವೇ ಆಂಪಿಯರ್. ಸ್ಟಾರ್ಟರ್ ಮೋಟಾರಿಗೆ ಬೇಕಾದದ್ದು ಹಲವು ಹತ್ತು ಆಂಪಿಯರ್. ಇವೆರಡರ ನಡುವೆ ಬ್ಯಾಟರಿಯ ಸಮೀಪ ಬೆಂಕಿಪೊಟ್ಟಣದಷ್ಟು ಅಥವಾ ಅದಕ್ಕಿಂತ ತುಸು ದೊಡ್ಡದಾದ ಒಂದು ಡಬ್ಬಿ ಇರುತ್ತದೆ. ಇದಕ್ಕೆ ಸ್ಟಾರ್ಟರ್ ರಿಲೇ ಎಂದು ಹೆಸರು. ಕೆಲವು ಮಿಸ್ತ್ರಿಗಳು ಸಾಲಿನಾಯ್ಡ್ ಎಂದೂ ಕರೆಯುತ್ತಾರೆ. ಇದಕ್ಕೆ ಎರಡು ದಪ್ಪ ತಂತಿಗಳು, ಒಂದು ಸಣ್ಣ ಪ್ಲಗ್ಗು ಇರುತ್ತವೆ. ದಪ್ಪ ತಂತಿಗಳಲ್ಲಿ ಒಂದು ಬ್ಯಾಟರಿಯಿಂದ ಬರುತ್ತದೆ, ಇನ್ನೊಂದು ಮೋಟಾರಿಗೆ ಹೋಗುತ್ತದೆ. ಸಣ್ಣ ಪ್ಲಗ್ಗು ಗುಂಡಿಯ ಕಡೆಯದು.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ದಪ್ಪ ತಂತಿಯ ಈ ದಾರಿಯಲ್ಲಿ ಸಾಮಾನ್ಯವಾಗಿ ಕೀಲಿಯೂ ಇಲ್ಲ, ಫ್ಯೂಜೂ ಇಲ್ಲ. ರಿಲೇಯೊಳಗಿನ ತಾಮ್ರದ ತುಂಡುಗಳು ಒಂದಕ್ಕೊಂದು ಅಂಟಿಕೊಂಡವೆಂದರೆ ಬ್ಯಾಟರಿ ನೇರವಾಗಿ ಮೋಟಾರಿಗೆ ಕೂಡಿದಂತೆಯೇ ಸರಿ. ಆಮೇಲೆ ಕೀಲಿ, ಗುಂಡಿ, ಕ್ಲಚ್ಚಿನ ಸ್ವಿಚ್ಚು, ಸ್ಟ್ಯಾಂಡಿನ ಸ್ವಿಚ್ಚು ಯಾವುದರ ಮಾತನ್ನೂ ಅದು ಕೇಳುವುದಿಲ್ಲ. ಕೀಲಿ ಕಿತ್ತರೂ ನಿಲ್ಲದಿರುವುದು ಇದೇ ಕಾರಣಕ್ಕೆ.

ಸ್ಟಾರ್ಟರ್ ಮೋಟಾರಿನ ಸ್ವಭಾವವನ್ನೂ ತಿಳಿದಿರಬೇಕು. 1911ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬವರು ಕಾರಿಗೆ ಇಂಥ ಸ್ಟಾರ್ಟರನ್ನು ರೂಪಿಸಿದರು. ಎಂಜಿನ್ ಹತ್ತುವವರೆಗೆ ಕೆಲವು ಗಳಿಗೆ ಮಾತ್ರ ದುಡಿಯುವ ಮೋಟಾರು ಗಾತ್ರದಲ್ಲಿ ಚಿಕ್ಕದಾಗಿದ್ದರೂ ಸಾಕು, ಆ ಅಲ್ಪಕಾಲಕ್ಕೆ ಅದರ ಶಕ್ತಿ ಮೀರಿ ದುಡಿಸಬಹುದು ಎಂಬುದು ಅವರ ಎಣಿಕೆ. ಇವತ್ತಿನ ಸ್ಟಾರ್ಟರೂ ಹಾಗೆಯೇ. ಅದು ಕೆಲವು ಸೆಕೆಂಡುಗಳ ಆಳು. ಪಂಪ್‌ಸೆಟ್ಟಿನ ಮೋಟಾರಿನಂತೆ ಗಂಟೆಗಟ್ಟಲೆ ದುಡಿಯುವುದು ಅದಕ್ಕೆ ಸಾಧ್ಯವಿಲ್ಲ.

ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು

ಕೀಲಿಯೇ ನಿಮಗೆ ಮೊದಲ ಸುಳಿವು ಕೊಡುತ್ತದೆ. ಕೀಲಿ ಬಂದ್ ಮಾಡಿದಾಗ ಸ್ಟಾರ್ಟರ್ ನಿಂತರೆ ರಿಲೇ ಸರಿಯಾಗಿದೆ, ದೋಷ ಗುಂಡಿಯಲ್ಲಿ ಅಥವಾ ಗುಂಡಿಯ ತಂತಿಯಲ್ಲಿದೆ ಎಂದು ತಿಳಿಯಬಹುದು. ಕೀಲಿ ಬಂದ್ ಮಾಡಿದರೂ ನಿಲ್ಲದಿದ್ದರೆ ಬಹುಮಟ್ಟಿಗೆ ರಿಲೇ ಅಂಟಿಕೊಂಡಿದೆ.

ರಿಲೇಯ ಮೇಲೆ ಅನುಮಾನವಿದ್ದರೆ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿರುವಾಗಲೇ ರಿಲೇಯ ಎರಡೂ ದಪ್ಪ ತಂತಿಗಳನ್ನು ತೆಗೆಯಿರಿ. ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು ಅದರ ಕಡ್ಡಿಗಳನ್ನು ರಿಲೇಯ ಎರಡು ದಪ್ಪ ಮೊಳೆಗಳಿಗೆ ಹಿಡಿಯಿರಿ. ಒಳ್ಳೆಯ ರಿಲೇಯಲ್ಲಿ ಸಂಪರ್ಕ ತೋರಿಸಬಾರದು. ಸೊನ್ನೆಯ ಹತ್ತಿರ ತೋರಿಸಿದರೆ ಒಳಗೆ ಅಂಟಿದೆ ಎಂದು ನಿಶ್ಚಯ. ಮೀಟರ್ ಇಲ್ಲದವರು ಬೇರೊಂದು 12 ವೋಲ್ಟ್ ಬ್ಯಾಟರಿ ಮತ್ತು ಸಣ್ಣ ಬಲ್ಬಿನಿಂದಲೂ ನೋಡಬಹುದು. ರಿಲೇಯ ಮೂಲಕ ಬಲ್ಬು ಉರಿದರೆ ಅಂಟಿದೆ.

ದೋಷ ಗುಂಡಿಯ ಕಡೆಯದಾಗಿದ್ದರೆ ಹೆಡ್‌ಲೈಟಿನ ಹಿಂದೆ ಬರುವ ಗುಂಡಿಯ ಪ್ಲಗ್ಗನ್ನು ಕಳಚಿ ಕೀಲಿ ಹಾಕಿ ನೋಡಿ. ಸ್ಟಾರ್ಟರ್ ಸುಮ್ಮನಿದ್ದರೆ ದೋಷ ಗುಂಡಿಯದು. ಮಣ್ಣು, ನೀರು ಸೇರಿ ಸ್ಪ್ರಿಂಗ್ ತುಕ್ಕು ಹಿಡಿದಿರಬಹುದು. ಪ್ಲಗ್ಗು ಕಳಚಿದರೂ ತಿರುಗಿದರೆ ನಡುವೆ ತಂತಿ ಎಲ್ಲೋ ಸವೆದಿದೆ. ಹಿಡಿಕೆ ಎಡಕ್ಕೂ ಬಲಕ್ಕೂ ತಿರುಗುವ ಕುತ್ತಿಗೆಯ ಭಾಗದಲ್ಲಿ ತಂತಿ ಉಜ್ಜಿ ಹೊದಿಕೆ ಹರಿಯುವುದು ಹೆಚ್ಚು. ಕೆಲವು ಗಾಡಿಗಳಲ್ಲಿ ಗುಂಡಿಯು ರಿಲೇಯನ್ನು ಚೌಕಟ್ಟಿಗೆ ಕೂಡಿಸುವ ಕೆಲಸ ಮಾಡುತ್ತದೆ. ಅಂಥವುಗಳಲ್ಲಿ ಸವೆದ ತಂತಿ ಚೌಕಟ್ಟಿಗೆ ತಾಗಿದರೂ ಸಾಕು, ಗುಂಡಿ ಒತ್ತಿದಂತೆಯೇ ಆಗುತ್ತದೆ. ಹಿಡಿಕೆ ಒಂದು ಕಡೆ ತಿರುಗಿಸಿದಾಗ ಮಾತ್ರ ಸ್ಟಾರ್ಟರ್ ತಾನಾಗಿ ತಿರುಗುತ್ತಿದ್ದರೆ ಕಾರಣ ಇದೇ ಎಂದು ತಿಳಿಯಿರಿ.

ಇನ್ನೊಂದು ದೋಷವನ್ನು ಇದರೊಂದಿಗೆ ಬೆರೆಸಬಾರದು. ಗುಂಡಿ ಒತ್ತಿದಾಗ ಮೋಟಾರು ಸುಂಯ್ ಎಂದು ತಿರುಗುತ್ತದೆ, ಎಂಜಿನ್ ಮಾತ್ರ ತಿರುಗುವುದಿಲ್ಲ. ಕೈ ತೆಗೆದಾಗ ನಿಲ್ಲುತ್ತದೆ. ಇದು ಒಳಗಿನ ಒಮ್ಮುಖ ಕ್ಲಚ್ಚಿನ ಸವಕಳಿ. ಅದಕ್ಕೂ ಇಂದಿನ ವಿಷಯಕ್ಕೂ ಸಂಬಂಧವಿಲ್ಲ. ಮತ್ತೆ, ಈಚಿನ ಕೆಲವು ಸ್ಕೂಟರುಗಳಲ್ಲಿ ಬೇರೆ ಸ್ಟಾರ್ಟರ್ ಮೋಟಾರೇ ಇರುವುದಿಲ್ಲ. ಕರೆಂಟು ತಯಾರಿಸುವ ಡೈನಮೋವೇ ಎಂಜಿನ್ನನ್ನು ತಿರುಗಿಸುತ್ತದೆ. ಅಂಥವುಗಳನ್ನು ತಿಳಿದ ಮಿಸ್ತ್ರಿಗೇ ತೋರಿಸಬೇಕು.

ರಿಲೇ ಅಂಟುವುದು ಏಕೆ?

ಇದೇ ನನ್ನ ಮಾತಿನ ತಿರುಳು. ರಿಲೇ ಬಹಳ ಸಲ ತನ್ನ ತಪ್ಪಿನಿಂದ ಸಾಯುವುದಿಲ್ಲ. ಅದನ್ನು ಕೊಲ್ಲುವುದು ಸೊರಗಿದ ಬ್ಯಾಟರಿ ಮತ್ತು ಸಡಿಲವಾದ ತಂತಿ.

ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಏನು ಮಾಡುತ್ತದೆ? ಪಟಪಟ ಬಡಿದುಕೊಳ್ಳುತ್ತದೆ. ಆಮೇಲೆ ಬಿಚ್ಚಿ ನೋಡಿದರೆ ತಾಮ್ರದ ತುಂಡುಗಳು ಕಪ್ಪಾಗಿ, ಗುಳಿ ಬಿದ್ದಿರುತ್ತವೆ. ಗಾಡಿಯ ರಿಲೇಯಲ್ಲಿಯೂ ಇದೇ ನಡೆಯುತ್ತದೆ. ಬ್ಯಾಟರಿ ದುರ್ಬಲವಾಗಿದ್ದರೆ ಮೋಟಾರು ಕರೆಂಟು ಎಳೆದ ತಕ್ಷಣ ವೋಲ್ಟೇಜ್ ಕುಸಿಯುತ್ತದೆ. ಸುರುಳಿಯ ಹಿಡಿತ ಸಡಿಲವಾಗಿ ತುಂಡುಗಳು ಬಿಡುತ್ತವೆ. ಬಿಟ್ಟ ಕೂಡಲೇ ಮೋಟಾರು ನಿಂತು ವೋಲ್ಟೇಜ್ ಏರುತ್ತದೆ, ತುಂಡುಗಳು ಮತ್ತೆ ಕೂಡುತ್ತವೆ. ಒಂದು ಸೆಕೆಂಡಿನಲ್ಲಿ ಹಲವು ಸಲ ಹೀಗೆ ಬಡಿಯುವಾಗ ನಿಮಗೆ ಟಕ ಟಕ ಟಕ ಎಂಬ ಸದ್ದು ಕೇಳುತ್ತದೆ. ಒಂದೊಂದು ಬಡಿತಕ್ಕೂ ಒಳಗೆ ಒಂದೊಂದು ಕಿಡಿ. ವೆಲ್ಡಿಂಗ್ ಅಂಗಡಿಯಲ್ಲಿ ಕಡ್ಡಿಯನ್ನು ಕಬ್ಬಿಣಕ್ಕೆ ಸರಿಯಾಗಿ ತಾಗಿಸದಿದ್ದರೆ ಕಡ್ಡಿ ಅಲ್ಲೇ ಅಂಟಿಕೊಳ್ಳುವುದನ್ನು ನೀವು ಕಂಡಿದ್ದೀರಿ. ರಿಲೇಯ ತುಂಡುಗಳೂ ಕರಗಿ ಹಾಗೆಯೇ ಒಂದಾಗುತ್ತವೆ.

ಆದುದರಿಂದ ಆ ಟಕ ಟಕ ಸದ್ದು ಗಾಡಿಯು ನಿಮಗೆ ಕೊಡುವ ಮುನ್ನೆಚ್ಚರಿಕೆ. ಆಗಲೂ ಗುಂಡಿಯನ್ನು ಒತ್ತುತ್ತಲೇ ಇದ್ದರೆ ರಿಲೇಯನ್ನು ನಾವೇ ಬೆಸುಗೆ ಹಾಕಿದಂತೆ.

ಒಬ್ಬ ರೈತರು ಗುಂಡಿ ನಿಲ್ಲುತ್ತಿಲ್ಲವೆಂದು ಗಾಡಿಯನ್ನು ಅಂಗಡಿಗೆ ಒಯ್ದರೆನ್ನಿ. ಸ್ಟಾರ್ಟರ್ ಮೋಟಾರು ಹೋಗಿದೆ ಎಂದು ಹೊಸ ಮೋಟಾರು ಹಾಕಿಸಿಕೊಂಡು ಬಂದರು. ದೋಷ ಹಾಗೇ ಉಳಿಯಿತು. ಆಮೇಲೆ ರಿಲೇ ಬದಲಿಸಿದರು. ಎರಡು ತಿಂಗಳು ಚೆನ್ನಾಗಿ ನಡೆದು ಮತ್ತೆ ಅಂಟಿತು. ಕಾರಣ, ಬ್ಯಾಟರಿಯ ತುದಿಯಲ್ಲಿ ಬಿಳಿ ಹಿಟ್ಟು ಕಟ್ಟಿತ್ತು, ತಿರುಪು ಸಡಿಲವಾಗಿತ್ತು. ಅದನ್ನು ಯಾರೂ ನೋಡಲಿಲ್ಲ. ಮರಳು ಕಾಗದದ ಒಂದು ತುಂಡಿನಿಂದ ಆಗುವ ಕೆಲಸಕ್ಕೆ ಎರಡು ಸಲ ಹಣ ಹೋಯಿತು. ಮೋಟಾರಿಗೆ ಹೋಲಿಸಿದರೆ ರಿಲೇಯ ಬೆಲೆ ಬಹಳ ಕಡಿಮೆ ಎಂಬುದನ್ನೂ ಗಮನದಲ್ಲಿಡಿ. ಪರೀಕ್ಷೆ ಮಾಡದೆ ಮೋಟಾರು ಬದಲಿಸಲು ಒಪ್ಪಬೇಡಿ.

ನಮ್ಮ ಭಾಗದಲ್ಲಿ ತಂತಿಯ ತುದಿಗಳು ಕೆಡಲು ಬೇರೆ ಕಾರಣಗಳೂ ಇವೆ. ಮಳೆಗಾಲದಲ್ಲಿ ಗದ್ದೆಯ ಕೆಸರು ಗಾಡಿಯ ಹೊಟ್ಟೆಯೊಳಗೆ ಸೇರುತ್ತದೆ. ಯೂರಿಯಾ ಚೀಲ, ಔಷಧಿ ಸಿಂಪಡಿಸುವ ಪಂಪು, ಹಾಲಿನ ಕ್ಯಾನು ಎಲ್ಲವೂ ಗಾಡಿಯ ಮೇಲೆಯೇ ಸಾಗುತ್ತವೆ. ಗೊಬ್ಬರದ ಪುಡಿ ತೇವ ಹೀರಿ ಲೋಹವನ್ನು ತಿನ್ನುತ್ತದೆ. ಜೊತೆಗೆ ಮನೆಯಿಂದ ತೋಟಕ್ಕೆ, ತೋಟದಿಂದ ಡೇರಿಗೆ ಎಂದು ದಿನಕ್ಕೆ ಹತ್ತು ಸಲ ಗುಂಡಿ ಒತ್ತಿ ಒಂದೊಂದು ಕಿಲೋಮೀಟರ್ ಓಡಿಸಿದರೆ ಬ್ಯಾಟರಿ ಕೊಟ್ಟದ್ದನ್ನು ಮರಳಿ ಪಡೆಯಲು ಹೊತ್ತೇ ಸಿಗುವುದಿಲ್ಲ. ಸಣ್ಣ ಗಾಡಿಗಳ ಬ್ಯಾಟರಿ 3ರಿಂದ 5 ಆಂಪಿಯರ್-ಗಂಟೆಯಷ್ಟೇ ಇರುತ್ತದೆ. ಅದಕ್ಕೆ ದೊಡ್ಡ ಹಾರ್ನು, ಬಣ್ಣದ ದೀಪಗಳನ್ನು ಜೋಡಿಸುವುದು ಬಡಕಲು ಎತ್ತಿಗೆ ಎರಡು ಗಾಡಿ ಹೇರು ಹೇರಿದಂತೆ.

ಬ್ಯಾಟರಿಯ ನಾಡಿ ನೋಡುವುದು

ಒಂದು ಸಾಧಾರಣ ಮಲ್ಟಿಮೀಟರನ್ನು ನಾಲ್ಕೈದು ಮನೆಯವರು ಕೂಡಿ ಕೊಂಡರೂ ಸಾಕು. ಪಂಪ್‌ಸೆಟ್ಟಿಗೂ ಉಪಯೋಗವಾಗುತ್ತದೆ. ಬ್ಯಾಟರಿಯನ್ನು ಮೂರು ಸಲ ಅಳೆಯಬೇಕು.

1. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ: 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ಪೂರ್ಣ ಚಾರ್ಜ್ ಇದೆ. 12.2ರ ಹತ್ತಿರವಿದ್ದರೆ ಸುಮಾರು ಅರ್ಧ. 12.0ಕ್ಕಿಂತ ಕಡಿಮೆಯಾದರೆ ಖಾಲಿಯಾಗಿದೆ, ಕೂಡಲೇ ಚಾರ್ಜ್ ಮಾಡಿಸಬೇಕು.

2. ಗುಂಡಿ ಒತ್ತಿದಾಗ: ಸುಮಾರು 10 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಪೂರ್ಣ ಚಾರ್ಜ್ ಇದ್ದೂ ಇಳಿದರೆ ಬ್ಯಾಟರಿ ಮುದಿಯಾಗಿದೆ.

3. ಎಂಜಿನ್ ತುಸು ವೇಗದಲ್ಲಿ ಓಡುವಾಗ: 13.5ರಿಂದ 14.5 ವೋಲ್ಟ್ ಇರಬೇಕು. 13ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಆಗುತ್ತಿಲ್ಲ. 15ಕ್ಕಿಂತ ಹೆಚ್ಚಾದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿದು ಹಾಳಾಗುತ್ತದೆ.

ನೀರು ಹಾಕುವ ಬ್ಯಾಟರಿಗೆ ಡಿಸ್ಟಿಲ್ಡ್ ನೀರನ್ನೇ ಗೆರೆಯವರೆಗೆ ಹಾಕಬೇಕು, ಬೋರಿನ ನೀರು ಹಾಕಬಾರದು. ಮುಚ್ಚಿದ ಬ್ಯಾಟರಿಯನ್ನು ತೆರೆಯಲು ಹೋಗಬಾರದು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಬರುವ ಅನಿಲ ಕಿಡಿಗೆ ಸಿಡಿಯುವಂಥದು. ಹತ್ತಿರ ಬೀಡಿ, ಬೆಂಕಿಕಡ್ಡಿ ಸಲ್ಲದು.

ಸರಿಪಡಿಸುವ ಕ್ರಮ

ಅಂಟಿದ ರಿಲೇಯನ್ನು ತಿರುಪುಳಿಯ ಹಿಡಿಕೆಯಿಂದ ಮೆಲ್ಲಗೆ ಬಡಿದರೆ ಒಮ್ಮೊಮ್ಮೆ ಬಿಟ್ಟುಕೊಳ್ಳುತ್ತದೆ. ಇದು ಉಪಾಯವೇ ಹೊರತು ರಿಪೇರಿಯಲ್ಲ. ಮುಂದಿನ ಸಲ ಒತ್ತಿದಾಗ ಮತ್ತೆ ಅಂಟುವುದು ಖಂಡಿತವೆಂದೇ ತಿಳಿಯಬೇಕು. ದಾರಿಯಲ್ಲಿ ಸಿಕ್ಕಿಕೊಂಡವರು ಮೈನಸ್ ಬಿಚ್ಚಿ, ರಿಲೇಯಿಂದ ಮೋಟಾರಿಗೆ ಹೋಗುವ ದಪ್ಪ ತಂತಿಯನ್ನು ತೆಗೆದು, ಅದರ ತುದಿಗೂ ರಿಲೇಯ ಬರಿದಾದ ಮೊಳೆಗೂ ಇನ್ಸುಲೇಷನ್ ಟೇಪ್ ಚೆನ್ನಾಗಿ ಸುತ್ತಬೇಕು. ಬಳಿಕ ಮೈನಸ್ ಕೂಡಿಸಿ, ಒದ್ದು ಅಥವಾ ತಳ್ಳಿ ಚಾಲೂ ಮಾಡಿಕೊಂಡು ಊರು ಸೇರಬಹುದು. ಬ್ಯಾಟರಿಯನ್ನು ಪೂರ್ತಿ ಬಿಚ್ಚಿಟ್ಟು ಎಂಜಿನ್ ಓಡಿಸಬಾರದು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಗಾಡಿಗಳಲ್ಲಿ ಬಹುಪಾಲು ಇಂಧನವನ್ನು ಕಂಪ್ಯೂಟರ್ ಪೆಟ್ಟಿಗೆ ಅಳೆದು ಕೊಡುತ್ತದೆ. ಬ್ಯಾಟರಿ ಇಲ್ಲದೆ ಓಡಿಸಿದರೆ ಏರುಪೇರಾದ ವೋಲ್ಟೇಜಿನಿಂದ ಆ ಪೆಟ್ಟಿಗೆ ಸುಡಬಹುದು.

ಹೊಸ ರಿಲೇ ನಿಮ್ಮ ಗಾಡಿಯ ಮಾದರಿಗೇ ಹೊಂದುವಂಥದಾಗಿರಲಿ. ಹಳೆಯದನ್ನು ಒಡೆದು ಅರದಿಂದ ತಿಕ್ಕಿ ಹಾಕಿಸಬೇಡಿ. ಹಾಕುವ ಮೊದಲು ಬ್ಯಾಟರಿಯ ಎರಡೂ ತುದಿ, ರಿಲೇಯ ಮೊಳೆಗಳಿಗೆ ಬರುವ ತಂತಿಯ ತುದಿ, ಚೌಕಟ್ಟಿಗೆ ಸೇರುವ ಮೈನಸ್ ತಂತಿಯ ಬೋಲ್ಟು ಈ ಮೂರನ್ನೂ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ತೆಳುವಾಗಿ ವ್ಯಾಸಲೀನ್ ಹಚ್ಚಬೇಕು. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಇದನ್ನು ಮಂತ್ರದಂತೆ ನೆನಪಿಡಿ.

ಬಳಸುವಾಗ ಗುಂಡಿಯನ್ನು ಒಂದು ಸಲಕ್ಕೆ 5 ಸೆಕೆಂಡಿಗಿಂತ ಹೆಚ್ಚು ಒತ್ತಬಾರದು. ನಡುವೆ 10-15 ಸೆಕೆಂಡು ಬಿಡುವು ಕೊಡಬೇಕು. ಮೂರು ಸಲಕ್ಕೂ ಹತ್ತದಿದ್ದರೆ ಪೆಟ್ರೋಲ್, ಪ್ಲಗ್ಗು ಇವುಗಳನ್ನು ನೋಡಬೇಕು. ಒದೆಯುವ ಕಡ್ಡಿ ಇರುವವರು ಬೆಳಗಿನ ಮೊದಲ ಸಲವನ್ನು ಒದ್ದೇ ಚಾಲೂ ಮಾಡುವುದು ಮೇಲು.

ಟ್ರ್ಯಾಕ್ಟರ್ ಇರುವವರಿಗೆ

ಟ್ರ್ಯಾಕ್ಟರಿನಲ್ಲಿಯೂ ಇದೇ ದೋಷ ಬರುತ್ತದೆ. ಅಲ್ಲಿ ಕರೆಂಟು ನೂರಾರು ಆಂಪಿಯರ್, ಅಪಾಯವೂ ಅಷ್ಟೇ ಹೆಚ್ಚು. ಕೀಲಿಯ ಸ್ಪ್ರಿಂಗ್ ಸೋತು ಸ್ಟಾರ್ಟ್ ಸ್ಥಾನದಲ್ಲಿಯೇ ನಿಲ್ಲುವುದೂ ಉಂಟು. ಕೀಲಿಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ನೋಡಿ, ನಿಲ್ಲದಿದ್ದರೆ ಬ್ಯಾಟರಿಯ ಮೈನಸ್ ಬಿಚ್ಚಬೇಕು. ಸ್ಟಾರ್ಟರ್ ಕೆಟ್ಟಾಗ ಕೆಲವರು ನೆಲದ ಮೇಲೆ ನಿಂತು ಸ್ಟಾರ್ಟರಿನ ಎರಡು ಮೊಳೆಗಳಿಗೆ ಸ್ಪಾನರ್ ತಾಗಿಸಿ ಚಾಲೂ ಮಾಡುತ್ತಾರೆ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಹೀಗೆ ಚಾಲೂ ಆದರೆ ಚಕ್ರದ ಮುಂದೆ ನಿಂತವರ ಮೇಲೆಯೇ ಹರಿಯುತ್ತದೆ. ಓಡಿ ತಪ್ಪಿಸಿಕೊಳ್ಳಲು ಸಮಯ ಇರುವುದಿಲ್ಲ. ಎಷ್ಟೇ ಅವಸರವಿರಲಿ, ಬಿತ್ತನೆಯ ಹದ ಹೋಗುವಂತಿರಲಿ, ಈ ಪದ್ಧತಿಯನ್ನು ಬಿಟ್ಟುಬಿಡಿ. ಮಕ್ಕಳಿಗೂ ಆಳುಗಳಿಗೂ ತಿಳಿಸಿ ಹೇಳಿ.

ರೈತ ಬಾಂಧವರೇ, ಒಟ್ಟಿನಲ್ಲಿ ಹೇಳುವುದಾದರೆ: ಸ್ಟಾರ್ಟರ್ ನಿಲ್ಲದಿದ್ದರೆ ಗಾಬರಿಯಾಗದೆ ಮೈನಸ್ ಬಿಚ್ಚಿ. ಕೀಲಿಗೆ ನಿಂತರೆ ಗುಂಡಿ, ಕೀಲಿಗೂ ನಿಲ್ಲದಿದ್ದರೆ ರಿಲೇ ಎಂದು ದೋಷ ಗುರುತಿಸಿ. ರಿಲೇ ಬದಲಿಸುವ ದಿನವೇ ಬ್ಯಾಟರಿ ಅಳೆದು, ತುದಿಗಳನ್ನು ಉಜ್ಜಿ ಬಿಗಿ ಮಾಡಿ. ಟಕ ಟಕ ಸದ್ದು ಕೇಳಿದಾಗ ಗುಂಡಿಯಿಂದ ಕೈ ತೆಗೆಯಿರಿ. ರಾತ್ರಿ ಗಾಡಿಯನ್ನು ಬಣವೆಯಿಂದ, ಕೊಟ್ಟಿಗೆಯಿಂದ ದೂರ ನಿಲ್ಲಿಸಿ. ತಿಂಗಳಿಗೊಮ್ಮೆ ಎತ್ತಿನ ಗೊರಸು, ಲಾಳ ನೋಡುವಷ್ಟೇ ಆಸ್ಥೆಯಿಂದ ಗಾಡಿಯ ಬ್ಯಾಟರಿಯ ತುದಿಗಳನ್ನೂ ನೋಡುವ ರೂಢಿ ಇಟ್ಟುಕೊಂಡರೆ ಈ ದೋಷ ನಿಮ್ಮ ಹತ್ತಿರ ಸುಳಿಯುವುದು ಕಡಿಮೆ.